ವಿಳಂಬರಾಯರು ಗಾಡಿ ತಪ್ಪಿಸಿಕೊಂಡದ್ದು

ಗಾಡಿ ತಡವಾದರೆ ಜನಕ್ಕೆ ಸಿಟ್ಟು ಬರುವುದು ಗಾಡಿಯ ಮೇಲಲ್ಲ, ಅದನ್ನು ಹೇಳುವ ದನಿಯ ಮೇಲೆ. ಈ ಸತ್ಯವನ್ನು ವಿಳಂಬರಾಯರಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಏಕೆಂದರೆ ಆ ದೊಡ್ಡ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಬಕಂಬದ ಮೇಲೂ ಮೊಳಗುತ್ತಿದ್ದ ದನಿ ಅವರದೇ.

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗಾಜಿನದೊಂದು ಗೂಡು. ಅದರೊಳಗೆ ಒಂದು ಮೈಕು, ಕಂಟ್ರೋಲ್ ರೂಮಿನಿಂದ ಸುದ್ದಿ ತರುವ ಒಂದು ಫೋನು, ಕತ್ತು ತಿರುಗಿಸಲಾರದ ಒಂದು ಫ್ಯಾನು, ಮತ್ತು ಅವರು. ಗಾಡಿಗಳು ಹೊತ್ತಿಗೆ ಸರಿಯಾಗಿ ಬಂದಾಗ ಯಾರಿಗೂ ಅವರ ದನಿ ಕೇಳಿಸುತ್ತಿರಲಿಲ್ಲ. ತಡವಾದಾಗ ಮಾತ್ರ ಇಡೀ ನಿಲ್ದಾಣ ಕಿವಿಯಾಗುತ್ತಿತ್ತು. ಹೀಗಾಗಿ ಅವರ ಕೀರ್ತಿಯೆಲ್ಲ ತಡದ ಮೇಲೇ ನಿಂತಿತ್ತು. ಸಹೋದ್ಯೋಗಿಗಳು ತಮಾಷೆಗೆ ಇಟ್ಟ 'ವಿಳಂಬರಾಯ' ಎಂಬ ಹೆಸರಿಗೆ ಮೊದಮೊದಲು ಮುಖ ಗಂಟಿಕ್ಕುತ್ತಿದ್ದರು. ಆಮೇಲಾಮೇಲೆ ಅದನ್ನು ಬಿರುದೆಂದೇ ತಿಳಿದು, ಹಾಗೆ ಕರೆದರೆ ಕೊರಳು ಸರಿಮಾಡಿಕೊಂಡು 'ಓ' ಎನ್ನತೊಡಗಿದರು.

ವಾರದ ರಜೆಯ ದಿನ ಇದೇ ದನಿ ಪ್ರಾರ್ಥನಾ ಮಂದಿರದಲ್ಲಿ ಪದ್ಯ ಓದುತ್ತಿತ್ತು. ದೇವರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದಿರುವ ಭಕ್ತರ ಪದ್ಯಗಳೆಂದರೆ ಅವರಿಗೇ ಮೀಸಲು. ಅವರು ರಾಗ ಎಳೆದರೆ ಅಳುವ ಮಗುವೂ ನಿದ್ದೆ ಹೋಗುತ್ತದೆ ಎಂದು ಯಾರೋ ಹೊಗಳಿದ್ದರು. ಇದನ್ನು ಮನೆಯಲ್ಲಿ ಬಂದು ಹೇಳಿದಾಗ ಹೆಂಡತಿ, "ಮಗು ಮಾತ್ರ ಅಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಡಾಕ್ಟ್ರೂ ಗೊರಕೆ ಹೊಡೀತಿದ್ರು," ಎಂದಳು. ರಾಯರು ಆ ಗೊರಕೆಯನ್ನೂ ಹೊಗಳಿಕೆಯ ಖಾತೆಗೇ ಸೇರಿಸಿಕೊಂಡರು.

ಅವರ ಕಸುಬಿನಲ್ಲೊಂದು ಪದ್ಧತಿಯಿತ್ತು. ತಡವನ್ನು ಯಾವತ್ತೂ ಒಟ್ಟಿಗೆ ಹೇಳಕೂಡದು, ಕಂತಿನಲ್ಲಿ ಹೇಳಬೇಕು. ಗಾಡಿ ಎರಡು ಗಂಟೆ ತಡವೆಂದು ಕಂಟ್ರೋಲ್ ರೂಮು ತಿಳಿಸಿದರೆ, ಮೈಕಿನಲ್ಲಿ ಮೊದಲು ಅರ್ಧ ಗಂಟೆ. ಅದು ಮುಗಿಯುತ್ತ ಬಂದಾಗ ವಿಷಾದದೊಂದಿಗೆ ಇನ್ನೊಂದು ಅರ್ಧ. ಹೀಗೆ ಕೊನೆಯ ಕಂತಿನವರೆಗೆ. "ಒಂದೇ ಸಲ ಎರಡು ಗಂಟೆ ಅಂದ್ರೆ ಜನ ಕಲ್ಲು ಹುಡುಕ್ತಾರಪ್ಪ. ಅರ್ಧರ್ಧ ಗಂಟೆ ಕೊಟ್ರೆ ಚಹಾ ಹುಡುಕ್ತಾರೆ," ಎಂದು ಅವರಿಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ರಾಯರು ಈ ವಿದ್ಯೆಯನ್ನು ಎಷ್ಟು ಕರಗತ ಮಾಡಿಕೊಂಡಿದ್ದರೆಂದರೆ, ಊಟಕ್ಕೆ ಬರುವುದು ತಡವಾದಾಗ ಹೆಂಡತಿಗೂ ಕಂತಿನಲ್ಲೇ ಫೋನು ಮಾಡುತ್ತಿದ್ದರು.

ಹೆಂಡತಿಗೆ ಸಮುದ್ರ ನೋಡುವ ಆಸೆ. ಅವಳು ಸಮುದ್ರ ಕಂಡವಳೇ ಅಲ್ಲ. ಹೊರಡುವ ಸಿದ್ಧತೆ ಹಿಂದೆಯೂ ನಡೆದಿತ್ತು. ಒಂದು ಸಲ ಜೊತೆಯ ಅನೌನ್ಸರಿನ ಗಂಟಲು ಕಟ್ಟಿ ರಾಯರ ರಜೆ ರದ್ದಾಯಿತು. ಇನ್ನೊಂದು ಸಲ ಮುಷ್ಕರ. ಮತ್ತೊಂದು ಸಲ ಹಳಿ ರಿಪೇರಿಯಾಗಿ ಗಾಡಿಗಳೆಲ್ಲ ಅಸ್ತವ್ಯಸ್ತ. ಪ್ರತಿ ಸಲವೂ ಆಕೆ ಮಡಿಸಿ ತುಂಬಿದ ಬಟ್ಟೆಯನ್ನು ಮಡಿಕೆ ಕೆಡದಂತೆ ತೆಗೆದು ಕಪಾಟಿಗಿಟ್ಟಳು. ಈ ಸಲ ಟಿಕೆಟು ಕೈಗೆ ಬಂದ ದಿನ, ಟವೆಲು ಮಡಿಸುತ್ತ ಮಡಿಸುತ್ತಲೇ ಹೇಳಿದಳು:

"ರೀ, ಇದೊಂದು ಸಲ ಕೇಳ್ತಿದೀನಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ. ಇನ್ಮೇಲೆ ಕೇಳಲ್ಲ, ಅಷ್ಟೆ."

ಅದರಲ್ಲಿ ಸಿಟ್ಟಿರಲಿಲ್ಲ, ಸೆಡವಿರಲಿಲ್ಲ. ಅದಕ್ಕೇ ರಾಯರು ಹೆದರಿದರು. ಕೇಳುವುದು ನಿಂತುಹೋದ ಮನೆ ಹೇಗಿರುತ್ತದೆಂದು ಅವರು ತಮ್ಮ ಅಣ್ಣನ ಮನೆಯಲ್ಲಿ ನೋಡಿದ್ದರು. ಅಲ್ಲಿ ಅಣ್ಣ ಅತ್ತಿಗೆ ಜಗಳವಾಡುವುದಿಲ್ಲ. ಬಾಗಿಲು ಹಾಕಿದೆಯಾ, ಗ್ಯಾಸು ಮುಗಿಯಿತಾ, ಇಷ್ಟೇ ಮಾತು. ಮಿಕ್ಕ ಹೊತ್ತೆಲ್ಲ ಆ ಮನೆಯಲ್ಲಿ ಗಡಿಯಾರ ಒಂದೇ ಮಾತಾಡುತ್ತದೆ.

ಆದ್ದರಿಂದ ಈ ಸಲ ರಾಯರು ಕೆಲಸವನ್ನು ನೇರವಾಗಿ ದೇವರಿಗೇ ವಹಿಸಿದರು. ಹೊರಡುವ ಬೆಳಿಗ್ಗೆ ಕೈಮುಗಿದು ಕೂತು, ಮೊದಲ ಗಾಡಿ ಯಾವುದು, ಯಾವ ಜಂಕ್ಷನ್‌ನಲ್ಲಿ ಇಳಿಯಬೇಕು, ಅಲ್ಲಿಂದ ಸಮುದ್ರದೂರಿಗೆ ದಿನಕ್ಕೆ ಒಂದೇ ಗಾಡಿ, ಅದರಲ್ಲಿ ಕಿಟಕಿಯ ಪಕ್ಕದ ಸೀಟು ಹೆಂಡತಿಗೆ, ಜೊತೆಗೆ ಬರುವ ಅತ್ತೆಗೆ ಮಂಡಿನೋವು, ರೂಮಿನಿಂದ ಸಮುದ್ರ ಕಾಣಬೇಕು, ಎಲ್ಲವನ್ನೂ ಬಿಡಿಸಿ ಹೇಳಿದರು. ದೇವರು ಬರೆದುಕೊಳ್ಳುತ್ತಿದ್ದಾನೇನೋ ಎಂಬಂತೆ ನಡುನಡುವೆ ತಡೆದು ಹೇಳಿದರು. ಕೊನೆಗೆ "ಎಲ್ಲಾ ನಿನ್ನ ಚಿತ್ತ" ಎಂದು ಸೇರಿಸಿದರು. ಅದನ್ನು ಹೇಳಿದ ಧಾಟಿ ಮಾತ್ರ 'ಪ್ರಯಾಣಿಕರ ಗಮನಕ್ಕೆ' ಎನ್ನುವಾಗಿನದೇ.

ದೇವರು ಅರ್ಧ ದಾರಿಯವರೆಗೆ ಚಾಚೂ ತಪ್ಪದೆ ನಡೆಸಿಕೊಟ್ಟ. ಮೊದಲ ಗಾಡಿ ಹೊತ್ತಿಗೆ ಸರಿಯಾಗಿ ಜಂಕ್ಷನ್ ಮುಟ್ಟಿತು. ಮೂವರೂ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು. ಹೆಂಡತಿ ಹೊಸ ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಅತ್ತೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಹೋಗಿ ಬರುವವರನ್ನೆಲ್ಲ ನೆಂಟರ ಮದುವೆಯಲ್ಲಿ ನೋಡುವಂತೆ ನೋಡತೊಡಗಿದರು. ಅಷ್ಟರಲ್ಲಿ ಮೇಲಿನ ಧ್ವನಿವರ್ಧಕದ ಕೊಳವೆಯಿಂದ ಹುಡುಗಿಯೊಬ್ಬಳ ದನಿ ಬಂತು. ಸಮುದ್ರದೂರಿನ ಗಾಡಿ ಅರ್ಧ ಗಂಟೆ ತಡವಾಗಿ ಬರುತ್ತಿದೆ.

ಹೆಂಡತಿ, "ಪರವಾಗಿಲ್ಲ, ಅರ್ಧ ಗಂಟೆ ತಾನೇ," ಎಂದಳು.

ರಾಯರು ನಕ್ಕರು. ಅಡುಗೆಯವನೊಬ್ಬ ಬೇರೆಯವರ ಮನೆಯ ಊಟದ ಮೊದಲ ತುತ್ತಿಗೆ ನಗುತ್ತಾನಲ್ಲ, ಆ ನಗೆ.

"ನಿಂಗೆ ಗೊತ್ತಾಗಲ್ಲ ಕಣೇ. ಇದು ಮೊದಲನೇ ಕಂತು."

"ಏನು ಕಂತು, ಅಳಿಯಂದ್ರೇ?" ಎಂದರು ಅತ್ತೆ.

ಅತ್ತೆ ಕೇಳಿದ್ದೇ ತಡ, ರಾಯರು ಬೆಂಚಿನಿಂದ ಎದ್ದು ನಿಂತುಬಿಟ್ಟರು. ಇಷ್ಟು ವರ್ಷದಲ್ಲಿ ಅತ್ತೆ ಅವರ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. "ನೋಡಿ ಅತ್ತೆ, ಹೊರಗಿನವರಿಗೆ ಅದು ಅರ್ಧ ಗಂಟೆ. ಒಳಗಿನ ಲೆಕ್ಕ ಬೇರೆ. 'ಅರ್ಧ' ಅನ್ನೋಕ್ಕೆ ಮುಂಚೆ ಆ ಹುಡುಗಿ ಒಂಚೂರು ಉಸಿರು ತಗೊಂಡ್ಲು, ಗಮನಿಸಿದ್ರಾ? ಅದು ಮುಚ್ಚಿಡೋ ಉಸಿರು. ಎರಡು ಗಂಟೆಗೆ ಕಮ್ಮಿ ಇಲ್ಲ. ನಡೀರಿ, ಇಲ್ಲಿ ಮರದ ಬೆಂಚಲ್ಲಿ ಯಾಕೆ ಮಂಡಿ ನೋಯಿಸ್ಕೊಳ್ತೀರಿ? ಎದುರುಗಡೆ ಒಳ್ಳೇ ಹೋಟ್ಲು ಕಾಣ್ತಿದೆ, ಮೆತ್ತಗಿನ ಸೀಟು."

"ಇಲ್ಲೇ ಕೂತಿರೋಣ ರೀ," ಎಂದಳು ಹೆಂಡತಿ.

"ನನ್ನ ಕೆಲಸ ನಂಗೆ ಹೇಳ್ಕೊಡ್ತೀಯಾ?"

ಆಕೆ ಚಪ್ಪಲಿ ಮೆಟ್ಟಿಕೊಂಡಳು.

ಹೋಟೆಲಿನ ಸೀಟು ನಿಜಕ್ಕೂ ಮೆತ್ತಗಿತ್ತು. ರಾಯರು ಸೂಪು ತರಿಸಿದರು, ಬ್ರೆಡ್ಡು ತರಿಸಿದರು, ಕಂತಿನ ಶಾಸ್ತ್ರವನ್ನು ಆದಿಯಿಂದ ವಿವರಿಸಿದರು. ಅತ್ತೆ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ ತಲೆಯಾಡಿಸಿದರು. ಎರಡನೇ ಲೋಟ ಚಹಾ ಬರುವ ಹೊತ್ತಿಗೆ ದೂರದಲ್ಲಿ ಸೀಟಿ ಕೇಳಿಸಿತು. ಹೆಂಡತಿ ತಲೆಯೆತ್ತಿದಳು.

"ಅದು ಗೂಡ್ಸು," ಎಂದರು ರಾಯರು. "ಸೀಟಿ ಕೇಳಿದ್ರೆ ಗೊತ್ತಾಗಲ್ವಾ, ಭಾರದ ಗಾಡಿ. ಚಹಾ ಕುಡಿ."

ಆಕೆ ಚಹಾ ಕುಡಿಯಲಿಲ್ಲ. ಆ ಸದ್ದು ಬಂದು, ನಿಂತು, ಮತ್ತೆ ಹೊರಟು, ತೆಳ್ಳಗಾಗುತ್ತ ಹೋಗುವವರೆಗೂ ಲೋಟ ಹಿಡಿದು ಹಾಗೇ ಕೂತಿದ್ದಳು.

ಸಾವಕಾಶವಾಗಿ ಮರಳಿ ಬಂದರೆ ಪ್ಲಾಟ್‌ಫಾರ್ಮು ಬಣಗುಡುತ್ತಿತ್ತು. ಒಬ್ಬಾಕೆ ಬಿಸ್ಕತ್ತಿನ ಕಾಗದಗಳನ್ನು ಗುಡಿಸಿ ರಾಶಿ ಮಾಡುತ್ತಿದ್ದಳು.

"ಏನಮ್ಮಾ, ಸಮುದ್ರದೂರಿನ ಗಾಡಿ ಸುದ್ದಿ ಏನಾದ್ರೂ ಬಂತಾ?" ಎಂದು ರಾಯರು ಗತ್ತಿನಿಂದ ಕೇಳಿದರು.

"ಗಾಡೀನೇ ಬಂದು ಹೋಯ್ತಲ್ಲ. ಅರ್ಧ ಗಂಟೆ ತಡ ಇತ್ತು ಅಷ್ಟೆ. ಮೈಕಲ್ಲಿ ಹೇಳಿದ್ರಲ್ಲಾ, ನಿಮಗೆ ಕೇಳಿಸ್ಲಿಲ್ವಾ?"

ರಾಯರು ಹೆಂಡತಿಯ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಬದಲಿಗೆ, ಸಿಟ್ಟು ಮಾಡಿಕೊಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದರು. ಗಾಡಿ ತಡವಾದಾಗ ಜನ ಯಾರ ಬಳಿ ಹೋಗುತ್ತಾರೋ ಅಲ್ಲಿಗೇ, ಆ ಜಂಕ್ಷನ್‌ನಲ್ಲೂ ಪ್ಲಾಟ್‌ಫಾರ್ಮಿನ ಕೊನೆಯಲ್ಲಿದ್ದ ಗಾಜಿನ ಗೂಡಿಗೇ, ದಾಪುಗಾಲು ಹಾಕಿದರು. ಒಳಗೆ ಸ್ವೆಟರು ಹಾಕಿಕೊಂಡ ಹುಡುಗಿಯೊಬ್ಬಳು ಥರ್ಮಾಸಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು.

"ಏನಮ್ಮಾ ಇದು? ಅರ್ಧ ಗಂಟೆ ತಡ ಅಂತ ಹೇಳಿ ಅರ್ಧ ಗಂಟೆಗೇ ಕಳಿಸ್ಬಿಟ್ರಾ?"

ಹುಡುಗಿ ಮುಚ್ಚಳ ಕೆಳಗಿಟ್ಟಳು. "ಮತ್ತೆ ಯಾವಾಗ ಕಳಿಸ್ಬೇಕಿತ್ತು ಸರ್?"

ರಾಯರು ತಾವು ಯಾರೆಂದು ಹೇಳಿಕೊಂಡರು. ಹುಡುಗಿಯ ಕಣ್ಣು ಅರಳಿತು. "ಓ, ಅದಕ್ಕೇ ಎಲ್ಲೋ ಕೇಳಿದ ದನಿ ಅನ್ನಿಸ್ತು. ನಮ್ಮ ಟ್ರೇನಿಂಗಲ್ಲಿ ನಿಮ್ಮ ರೆಕಾರ್ಡಿಂಗ್ ಹಾಕಿದ್ರು ಸರ್."

ಆ ಸಂಕಟದ ನಡುವೆಯೂ ರಾಯರ ಎದೆ ಒಂದು ಅಂಗುಲ ಉಬ್ಬಿತು. "ಹೌದಾ? ಯಾವ ಪಾಠಕ್ಕೆ?"

ಹುಡುಗಿ ಮುಚ್ಚಳದ ಚಹಾ ನೋಡುತ್ತ ಹೇಳಿದಳು. "ಹೀಗೆ ಹೇಳ್ಬಾರ್ದು ಅನ್ನೋ ಪಾಠಕ್ಕೆ ಸರ್. ಈಗ ಕಂತಿಲ್ಲ. ಎಷ್ಟು ತಡ ಅಂತ ನಮಗೆ ಬರುತ್ತೋ ಅಷ್ಟನ್ನೂ ಒಂದೇ ಸಲ ಹೇಳ್ಬೇಕು."

"ಮುಂದಿನ ಸ್ಟೇಷನ್ನಲ್ಲಿ ಅದನ್ನ ಒಂದ್ ಗಳಿಗೆ ನಿಲ್ಸೋಕಾಗುತ್ತಾ? ನಾನೇ ಮಾತಾಡ್ತೀನಿ, ಫೋನು ಕೊಡಿ."

"ಸರ್," ಎಂದಳು ಹುಡುಗಿ, ತುಂಬಾ ಮೆತ್ತಗೆ, "ನೀವೀಗ ಪ್ರಯಾಣಿಕರು. ದಯವಿಟ್ಟು ಹೋಗಿ ಕೂತ್ಕೊಳ್ಳಿ."

ಈ ವಾಕ್ಯವನ್ನು ರಾಯರು ಅದೆಷ್ಟು ಮಂದಿಗೆ ಹೇಳಿದ್ದರೋ. ಅದರಲ್ಲಿರುವ ಮೆತ್ತಗಿನತನ ಕೇಳುವವನಿಗೆ ಗುದ್ದಿನಷ್ಟೇ ನೋಯುತ್ತದೆಂದು ಅಂದೇ ತಿಳಿದದ್ದು. ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ವೇಟಿಂಗ್ ರೂಮಿಗೆ ಬಂದರು.

ಎತ್ತರದ ಸೂರಿನ ಆ ಕೋಣೆಯಲ್ಲಿ ಅತ್ತೆ ಆಗಲೇ ಒಂದು ಬೆಂಚನ್ನು ವಶಪಡಿಸಿಕೊಂಡು, ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದರು. "ಫ್ಯಾನು ಚೆನ್ನಾಗಿದೆ," ಎಂದರು ಅಳಿಯನನ್ನು ನೋಡಿ. ಮಗಳ ಮದುವೆಯ ದಿನವೂ ಛತ್ರದ ಬಗ್ಗೆ ಇದೇ ಮಾತು ಹೇಳಿದ್ದರು. ಆಕೆಯನ್ನು ಎಲ್ಲಿಗೆ ಕರೆದೊಯ್ದರೂ ಅಲ್ಲೊಂದು ಚೆನ್ನಾಗಿರುವುದು ಸಿಕ್ಕಿಬಿಡುತ್ತಿತ್ತು.

ಹೆಂಡತಿ ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. "ಸಂಜೆ ನಮ್ಮೂರಿಗೆ ಗಾಡಿ ಇದೆಯಂತೆ. ವಾಪಸ್ ಹೋಗೋಣ," ಎಂದಳು.

"ನಾಳೆ ಇದೇ ಹೊತ್ತಿಗೆ ಸಮುದ್ರದ ಗಾಡಿ ಇದ್ದೇ ಇರುತ್ತಲ್ಲ. ರೂಮಿನವರಿಗೆ ಫೋನು ಮಾಡಿ ಹೇಳಿದ್ರೆ..."

"ಬೇಡ ಬಿಡಿ."

ಅದೇ ದನಿ. ಟವೆಲು ಮಡಿಸುವಾಗಿನ ದನಿ. ಬೈದಿದ್ದರೆ ರಾಯರು ತಲೆ ಬಗ್ಗಿಸಿ ಬೈಸಿಕೊಂಡು ಹಗುರಾಗುತ್ತಿದ್ದರು. 'ಬೇಡ ಬಿಡಿ' ಎಂಬುದರೊಳಗೆ ಅಣ್ಣನ ಮನೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು.

ರಾಯರು ಮೂಲೆಗೆ ಹೋಗಿ ಕೂತು ಕಣ್ಣು ಮುಚ್ಚಿದರು. ಮೊದಲು ದೇವರನ್ನು ತರಾಟೆಗೆ ತೆಗೆದುಕೊಂಡರು. ವಾರ ತಪ್ಪದೆ ನಿನ್ನ ಪದ್ಯ ಓದಿದವನಿಗೆ ಇದೇ ಏನಪ್ಪಾ ಉಡುಗೊರೆ? ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ಎಲ್ಲಿ ಎಡವಿದೆ ನೀನು? ಆಮೇಲೆ ಸ್ವಲ್ಪ ತಣ್ಣಗಾಗಿ, ಇದರಲ್ಲಿ ದೇವರದೇನೋ ಗುಟ್ಟಿರಬೇಕೆಂದು ಯೋಚಿಸಿದರು. ಆ ಗಾಡಿ ತಪ್ಪಿದ್ದೇ ಒಳ್ಳೆಯದಾಯಿತು ಎನ್ನುವಂಥದ್ದೇನಾದರೂ ನಡೆದುಬಿಟ್ಟರೆ? ದೊಡ್ಡದೇನೂ ಬೇಡ. ಯಾರಿಗೂ ಕೂದಲೂ ಕೊಂಕಬಾರದು. ಎಂಜಿನ್ ಕೆಟ್ಟು ಬಯಲಿನಲ್ಲಿ ನಿಂತರೆ ಸಾಕು. ಹತ್ತಿರದಲ್ಲಿ ಚಹಾ ಸಿಗಬಾರದು. ಗಾಡಿಯಲ್ಲಿ ಸಣ್ಣ ಮಕ್ಕಳಿದ್ದರೆ ಅವರಿಗೆ ನಿದ್ದೆ ಬಂದಿರಲಿ. ವಯಸ್ಸಾದವರಿದ್ದರೆ ನೆರಳಿನ ಕಡೆಯ ಸೀಟು ಸಿಕ್ಕಿರಲಿ. ಮಿಕ್ಕವರು ಮಾತ್ರ ಚೆನ್ನಾಗಿ ಬೇಯಲಿ. ಆಗ ತಾವು ಹೆಂಡತಿಯ ಕಡೆ ನೋಡಿ, ಏನನ್ನೂ ಹೇಳದೆ, ಮೇಲಕ್ಕೊಂದು ಬೆರಳು ತೋರಿಸಿದರೆ ಸಾಕು.

ಈ ಭರವಸೆ ಎಷ್ಟು ಗಟ್ಟಿಯಾಯಿತೆಂದರೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಎದ್ದು ಮತ್ತೆ ಗಾಜಿನ ಗೂಡಿನ ಮುಂದೆ ನಿಂತರು.

"ಸಮುದ್ರದ ಗಾಡಿ ಈಗ ಎಲ್ಲಿದೆಯಮ್ಮಾ?"

ಹುಡುಗಿ ಫೋನಿನಲ್ಲಿ ಕೇಳಿ ಹೇಳಿದಳು. "ಮುಟ್ಟಿದೆ ಸರ್. ತಡವನ್ನೆಲ್ಲಾ ತುಂಬಿಸ್ಕೊಂಡು ಹೊತ್ತಿಗೆ ಮುಂಚೆನೇ ಹೋಗಿದೆಯಂತೆ."

"ದಾರೀಲಿ ಯಾರಿಗೂ ಏನೂ ತೊಂದ್ರೆ ಆಗ್ಲಿಲ್ವಾ?"

"ಏನೂ ಇಲ್ಲ ಸರ್."

"ಸಂತೋಷ," ಎಂದರು ರಾಯರು, ಹತ್ತಿರದವರ ಸಾವಿನ ಸುದ್ದಿ ಕೇಳಿದ ಮುಖದಲ್ಲಿ. ಎರಡು ಹೆಜ್ಜೆ ಹಾಕಿದ ಮೇಲೆ ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ಇಷ್ಟು ಜನ ಸುಖವಾಗಿ ಊರು ಸೇರಿದ್ದಕ್ಕೆ ಅಳು ಬರುವ ಭಕ್ತ ಲೋಕದಲ್ಲಿ ಇನ್ನೊಬ್ಬನಿರಲಾರ. ದೇವರು ಅವರ ಪರವಾಗಿ ಸಾಕ್ಷಿ ಹೇಳಲು ಬಂದಿರಲಿಲ್ಲ. ತಪ್ಪು ಎಲ್ಲಿತ್ತೋ ಅಲ್ಲೇ, ಅವರ ಹೆಗಲ ಮೇಲೇ ಬಿಟ್ಟು ಸುಮ್ಮನಿದ್ದ.

ವೇಟಿಂಗ್ ರೂಮಿನ ಮೂಲೆಗೆ ಬಂದು ಮತ್ತೆ ಕಣ್ಣು ಮುಚ್ಚಿದರೋ ಇಲ್ಲವೋ, ಬೆಂಚಿನಿಂದ ಅತ್ತೆಯ ದನಿ ಬಂತು.

"ಅಳಿಯಂದ್ರೇ, ಆಗ್ಲಿಂದ ನೋಡ್ತಿದೀನಿ, ನಿಮ್ಮ ತುಟಿ ಆಡ್ತಾನೇ ಇದೆ. ದೇವ್ರ ಹತ್ರಾನಾ?"

"ಹೌದು ಅತ್ತೆ."

"ಏನಂದ ಅವನು?"

"ಏನೂ ಅಂದಿಲ್ಲ."

"ನೀವು ಬಿಟ್ರೆ ತಾನೇ," ಎಂದು ಅತ್ತೆ ಗೋಡೆಯ ಕಡೆ ಹೊರಳಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು.

ತುಟಿ ಮುಚ್ಚಿಕೊಂಡು ಕೂರುವುದೆಂದರೆ ರಾಯರಿಗೆ ಕೈಕಾಲು ಕಟ್ಟಿಹಾಕಿದಂತೆ. ಆದರೂ ಕೂತರು. ಫ್ಯಾನು ಪ್ರತಿ ಸುತ್ತಿಗೂ ಒಮ್ಮೆ ನರಳುತ್ತಿತ್ತು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊರಗೆ ಯಾರೋ ಯಾರಿಗೋ 'ಮುಟ್ಟಿದ ತಕ್ಷಣ ಫೋನು ಮಾಡು' ಎನ್ನುತ್ತಿದ್ದರು. ಮೈಕಿನ ದನಿ ಕೊಳವೆಯಿಂದ ಹೊರಟು, ಸೂರಿಗೆ ಬಡಿದು, ಅರ್ಧ ಮುರಿದು ಕಿವಿಗೆ ಬರುತ್ತಿತ್ತು. ಗಾಜಿನೊಳಗೆ ಕೂತವರಿಗೆ ಇದೊಂದೂ ಕೇಳಿಸುವುದಿಲ್ಲ. ಅಲ್ಲಿ ಕೇಳಿಸುವುದು ತಮ್ಮ ದನಿ ಮಾತ್ರ, ಅದೂ ತುಂಬಾ ಚೆನ್ನಾಗಿ.

ರಾಯರು ಚಿಕ್ಕವರಿದ್ದಾಗ ಅವರ ಅಜ್ಜ ನಸುಕಿನಲ್ಲಿ ಎದ್ದು ಪದ್ಯ ಹೇಳುತ್ತಿದ್ದರು. ಹೊದಿಕೆಯೊಳಗಿನಿಂದಲೇ ಅದನ್ನು ಕೇಳುತ್ತಿದ್ದ ಹುಡುಗನಿಗೆ ಅರ್ಥವೇನೂ ಆಗುತ್ತಿರಲಿಲ್ಲ. ಆದರೆ ಆ ದನಿ ನಡೆಯುತ್ತಿರುವವರೆಗೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ಗೊತ್ತಿತ್ತು. ಭಾರ ಹಾಕುವುದೆಂದರೆ ಆಗ ಅಷ್ಟೇ ಆಗಿತ್ತು, ಹೊದ್ದು ಮಲಗಿ ಕೇಳುವುದು. ಯಾವಾಗ ತಾವು ಹೊದಿಕೆ ಬಿಟ್ಟೆದ್ದು ಮೈಕಿನ ಕಡೆಗೆ ನಡೆದರೋ ರಾಯರಿಗೆ ನೆನಪಿಲ್ಲ.

ಹುಡುಗಿ ಅರ್ಧ ಗಂಟೆ ಎಂದದ್ದು ಅರ್ಧ ಗಂಟೆಯನ್ನೇ. ಹೆಂಡತಿ ಇಲ್ಲೇ ಕೂತಿರೋಣ ಎಂದದ್ದರ ಅರ್ಥ ಇಲ್ಲೇ ಕೂತಿರೋಣ ಎಂದೇ. ಯಾರು ಏನನ್ನು ನೇರವಾಗಿ ಹೇಳಿದರೂ, ಅದರ ಹಿಂದೆ ಮುಚ್ಚಿಟ್ಟ ಇನ್ನೊಂದು ಕಂತಿದೆಯೆಂದು ಕೆದಕುವುದೇ ಅವರ ಬದುಕಾಗಿತ್ತು. ತಾವು ಕಂತಿನಲ್ಲಿ ಹೇಳುವವರಾದ್ದರಿಂದ ಲೋಕವೆಲ್ಲ, ಕೊನೆಗೆ ದೇವರೂ, ಕಂತಿನಲ್ಲೇ ವ್ಯವಹರಿಸುತ್ತಾನೆಂದು ನಂಬಿದ್ದರು. ಆ ನಂಬಿಕೆಯನ್ನೇ ಭಕ್ತಿಯೆಂದು ಕರೆದುಕೊಂಡು ಊರಿಗೆಲ್ಲ ನಿದ್ದೆ ಬರಿಸಿದ್ದರು.

ಎದ್ದು ಹೋಗಿ ಹೆಂಡತಿಯ ಪಕ್ಕ ಕೂತರು. ಗಂಟಲು ಸರಿಮಾಡಿಕೊಂಡರು.

"ಆಗಿರುವ ಅನಾನುಕೂಲಕ್ಕಾಗಿ..."

"ಮೈಕು ಕೆಳಗಿಟ್ಟು ಹೇಳಿ," ಎಂದಳು ಹೆಂಡತಿ.

ರಾಯರಿಗೆ ಮೈಕಿಲ್ಲದ ದನಿ ಎಲ್ಲಿಟ್ಟಿದ್ದೇನೆಂದು ಹುಡುಕುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ್ದು ತೆಳ್ಳಗಿತ್ತು, ಒಂಚೂರು ಒಡೆದಿತ್ತು.

"ಇಲ್ಲೇ ಕೂತಿರೋಣ ಅಂದೆ ನೀನು. ನಾನು ಕೇಳ್ಲಿಲ್ಲ. ಅತ್ತೆ ಮುಂದೆ ದೊಡ್ಡಸ್ತಿಕೆ ತೋರಿಸೋಕೆ ಹೋದೆ. ನನ್ನಿಂದ್ಲೇ ತಪ್ಪಿದ್ದು ಗಾಡಿ."

ಹೆಂಡತಿ ಕಿಟಕಿಯಾಚೆ ಹಳಿಗಳನ್ನು ನೋಡುತ್ತಿದ್ದಳು. "ಸೀಟಿ ಕೇಳಿದಾಗ್ಲೇ ನಂಗೆ ಗೊತ್ತಾಗಿತ್ತು, ಅದು ನಮ್ಮ ಗಾಡೀನೇ ಅಂತ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದಕ್ಕೂ ಒಂದು ವಿವರಣೆ ಕೊಡ್ತಿದ್ರಿ."

"ಕೊಡ್ತಿದ್ದೆ," ಎಂದು ರಾಯರು ಒಪ್ಪಿಕೊಂಡರು.

"ದೇವರ ಮೇಲೆ ಭಾರ ಹಾಕಿದೀನಿ ಅಂತೀರಿ. ಹಾಕ್ತೀರಿ, ಇಲ್ಲ ಅನ್ನಲ್ಲ. ಆಮೇಲೆ ಸರಿಯಾಗಿ ಕೂತಿದೆಯೋ ಇಲ್ವೋ ಅಂತ ಮತ್ತೆ ಎತ್ತಿ ನೋಡ್ತೀರಿ. ಅವನಿಗಾದ್ರೂ ಬೆನ್ನು ನೋಯಲ್ವಾ?"

ರಾಯರಿಗೆ ನಗು ಬಂತು, ನಗುವ ಹೊತ್ತಲ್ಲವೆಂದು ನುಂಗಿಕೊಂಡರು. ಆಕೆ ನಗಲಿಲ್ಲ.

ಹೊತ್ತು ಇಳಿಯಿತು. ಕೊಳವೆ ಗರಗರ ಎಂದಿತು. ಹುಡುಗಿಯ ದನಿ ಸೂರಿಗೆ ಬಡಿದು ಚೂರಾಯಿತು.

"ಏನಂದ್ಲು?" ಎಂದಳು ಹೆಂಡತಿ.

"ನಮ್ಮೂರಿನ ಗಾಡಿ ಹತ್ತು ನಿಮಿಷ ತಡ ಅಂದ್ಲು."

"ಅಂದ್ರೆ?"

"ಅಂದ್ರೆ ಹತ್ತು ನಿಮಿಷ."

ಹೆಂಡತಿ ಈಗ ಮೊದಲ ಸಲ ಅವರ ಕಡೆ ತಿರುಗಿ ನೋಡಿದಳು. ರಾಯರ ನಾಲಗೆಯ ತುದಿಯಲ್ಲಿ ಹೇಳಬೇಕಾದ್ದು ಸಾಲುಗಟ್ಟಿ ನಿಂತಿತ್ತು. ನಾಳೆಯ ಗಾಡಿ ತಪ್ಪುವುದೇ ಇಲ್ಲ, ನಾನು ಬೆಂಚಿಗೆ ಕಟ್ಟಿಕೊಂಡಾದರೂ ಕೂರುತ್ತೇನೆ, ನಾವು ಇಲ್ಲೇ ಉಳಿಯೋಣ, ದಯವಿಟ್ಟು ಉಳಿಯೋಣ. ಒಂದನ್ನೂ ಹೇಳಲಿಲ್ಲ. ಆಕೆ ವಾಪಸ್ ಹೋಗೋಣ ಎಂದಿದ್ದಳು. ಹಾಗೆಂದರೆ ಅದರರ್ಥ ಅಷ್ಟೇ. ಮನೆಯಲ್ಲಿ ಇನ್ನು ಮುಂದೆ ಏನು ಕಾದಿದೆಯೋ ಅದನ್ನು ಎತ್ತಿ ನೋಡದೆ ಇಟ್ಟುಬಿಡಬೇಕು. ಈ ಸಲ 'ನಿನ್ನ ಚಿತ್ತ' ಎಂದು ಮನಸ್ಸಿನಲ್ಲಿ ಅಂದುಕೊಂಡಾಗ ಅದರ ಮುಂದೆ ವೇಳಾಪಟ್ಟಿಯಿರಲಿಲ್ಲ.

ಗಾಡಿ ಹತ್ತೇ ನಿಮಿಷಕ್ಕೆ ಬಂತು. ರಾಯರು ಎದ್ದು ಎರಡೂ ಕೈಗೆ ಒಂದೊಂದು ಬ್ಯಾಗು ಎತ್ತಿಕೊಂಡರು. ಮೂರನೆಯದು ಅತ್ತೆಯ ತಲೆಯ ಕೆಳಗಿತ್ತು. ಅತ್ತೆಯನ್ನು ಎಬ್ಬಿಸಲು ಬಗ್ಗಿದರು.

"ಅಮ್ಮನ್ನ ಎಬ್ಬಿಸ್ಬೇಡಿ," ಎಂದಳು ಹೆಂಡತಿ.

ರಾಯರು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಹೊರಗೆ ಬಾಗಿಲುಗಳು ತೆರೆದವು, ಜನ ಹತ್ತಿದರು, ಇಳಿದರು. ಹೆಂಡತಿ ಬೆಂಚಿನಿಂದ ಏಳಲಿಲ್ಲ. ಗಾಡಿ ಒಮ್ಮೆ ಜಗ್ಗಿ, ಹೊರಟಿತು. ಕೊನೆಯ ಡಬ್ಬಿ ಕಿಟಕಿಯನ್ನು ದಾಟಿಹೋದ ಮೇಲೆ ಎದುರಿನ ಪ್ಲಾಟ್‌ಫಾರ್ಮಿನ ಮೇಲಿನ ಬಿಸಿಲು ಮತ್ತೆ ಕೋಣೆಯೊಳಗೆ ಬಿತ್ತು.

"ಬ್ಯಾಗು ಕೆಳಗಿಡಿ, ಕೈ ನೋಯುತ್ತೆ," ಎಂದಳು. ಆಮೇಲೆ, "ನಾಳೆ ತನಕ ಎಲ್ಲಿರ್ತೀವಿ?"

"ಗೊತ್ತಿಲ್ಲ."

"ಏನು?"

"ಗೊತ್ತಿಲ್ಲ ಕಣೇ. ಈ ಊರಿನ ಬಗ್ಗೆ ನಂಗೇನೂ ಗೊತ್ತಿಲ್ಲ."

"ನಿಮ್ಮ ಬಾಯಲ್ಲಿ ಈ ಮಾತು ಕೇಳೋಕೆ ಇಷ್ಟು ದೂರ ಬರ್ಬೇಕಾಯ್ತು ನೋಡಿ," ಎಂದಳು ಹೆಂಡತಿ. ತುಟಿಯ ಒಂದು ಕೊನೆ ಮಾತ್ರ ಮೇಲಕ್ಕೆ ಹೋಗಿತ್ತು. "ಹೋಗಿ ಯಾರನ್ನಾದ್ರೂ ಕೇಳ್ಕೊಂಡು ಬನ್ನಿ. ಅಮ್ಮನಿಗೆ ಮೆಟ್ಲು ಹತ್ತೋ ಹಾಗಿರ್ಬಾರ್ದು. ನಂಗೆ ಕಿಟಕಿ ಇರ್ಬೇಕು."

ರಾಯರು ಬಾಗಿಲಿನ ಕಡೆ ಹೊರಟರು. ಅಮ್ಮನಿಗೆ ಮೆಟ್ಟಿಲಿರಬಾರದು, ಇವಳಿಗೆ ಕಿಟಕಿ ಬೇಕು ಎಂದು ಒಳಗೊಳಗೇ ಹೇಳಿಕೊಳ್ಳುತ್ತ, ಮರೆತೇನೆಂಬ ಭಯದಲ್ಲಿ ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತ ಹೊಸಿಲು ದಾಟುವಾಗ ಹಿಂದಿನಿಂದ ಆಕೆ ಇನ್ನೂ ಏನೋ ಕೇಳಿದಳು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಏನಿರಬಹುದೆಂದು ಊಹಿಸುವುದಕ್ಕೆ ಹೋಗದೆ ರಾಯರು ಅಷ್ಟೂ ದೂರ ಹಿಂದಕ್ಕೆ ಬಂದು, ಆಕೆಯ ಮುಂದೆ ಬಗ್ಗಿ ನಿಂತು ಕೇಳಿದರು:

"ಏನಂದೆ?"